ಸ್ಪಾಟಿಂಗ್ ಸ್ಕೋಪ್‌ಗೆ ಥರ್ಮಲ್ ಕ್ಲಿಪ್-ಆನ್ ಹಾಕ್ಬೋದಾ?

ಪ್ರಶ್ನೆ: ಸಕಲೇಶಪುರ ಕಡೆ ಕಾಫಿ ತೋಟ ನಮ್ದು, ರಾತ್ರಿ ಆನೆ ಎಲ್ಲಿದೆ ಅಂತ ಮನೆಯಿಂದಾನೇ ನೋಡ್ಬೇಕು. 20x ಸ್ಪಾಟಿಂಗ್ ಸ್ಕೋಪ್ (20 ಪಟ್ಟು ದೊಡ್ಡದಾಗಿ ತೋರ್ಸೋ ದುರ್ಬೀನು) ಇದೆ, ಅದರ ಮುಂದೆ ಥರ್ಮಲ್ ಕ್ಲಿಪ್-ಆನ್ (ಶಾಖನ ಚಿತ್ರವಾಗಿ ತೋರ್ಸೋ, ಸ್ಕೋಪ್ ಮುಂದೆ ಸಿಕ್ಕಿಸೋ ಸಾಧನ) ಹಾಕಿದ್ರೆ ಸಾಕಾ? ಕಿಟಕಿ ಗಾಜಿಂದ ಕಾಣುತ್ತಾ?

ಉತ್ತರ 1: ಗಾಜಲ್ಲಿ ಕಾಣಲ್ಲ ಗುರು. 8ರಿಂದ 14 ಮೈಕ್ರಾನ್ ಶಾಖದ ಕಿರಣನ ಮಾಮೂಲಿ ಗಾಜು ಬಿಡಲ್ಲ, ಅದಕ್ಕೇ ಥರ್ಮಲ್ ಲೆನ್ಸ್ ಆ ಕಿರಣ ಬಿಡೋ ಜರ್ಮೇನಿಯಂದು, ರೇಟೂ ಅದಕ್ಕೇ ಹಾಗಿರೋದು.

ಉತ್ತರ 2: 20xಗೆ ಬೇಡ ಸಾರ್. ಕ್ಲಿಪ್-ಆನ್ ಒಳಗಿರೋದು ಪುಟ್ಟ ಸ್ಕ್ರೀನು, 384×288 ಪಿಕ್ಸೆಲ್ (ಚುಕ್ಕೆ) ಸೆನ್ಸರ್ ಅಂದ್ರೆ ಜೂಮ್ ಮಾಡಿದಷ್ಟೂ ಬರೀ ಚೌಕ ಚೌಕ, 2xನಿಂದ 4x ಒಳಗೆ ಚೆನ್ನಾಗಿರುತ್ತೆ. ಕೈಯಲ್ಲಿ ಹಿಡಿಯೋ ಥರ್ಮಲ್ ಮೊನಾಕ್ಯುಲರ್ರೇ (ಒಂದೇ ಕಣ್ಣಲ್ಲಿ ನೋಡೋದು) ತಗೊಳ್ಳಿ.

ಉತ್ತರ 3: ಮಲ್ನಾಡ್ ಮಂಜು, ಮಳೇಲಿ ರೇಂಜ್ ತುಂಬಾ ಬೀಳುತ್ತೆ, ಕಂಪನಿ ಹೇಳೋ ಮೀಟರ್ ನಂಬ್ಬೇಡಿ. ದಟ್ಟ ಗಿಡದ ಹಿಂದೆ ನಿಂತಿದ್ರೂ ಕಾಣಲ್ಲ.

ಪ್ರಶ್ನೆ ಕೇಳಿದವರು: ಸರಿ, ಮೊನಾಕ್ಯುಲರ್ರೇ ನೋಡ್ತೀನಿ. 640 ಪಿಕ್ಸೆಲ್ ಸೆನ್ಸರ್ ಬೇಕೇ ಬೇಕಾ?

ಉತ್ತರ 2: ಆನೆಗೆ 384 ಧಾರಾಳ ಸಾರ್.