ಮೌಸ್ ಬಿಟ್ಟು ಪೆನ್ ಟ್ಯಾಬ್ಲೆಟ್ ಹಿಡಿಯುವುದು: ಕೋರೆಲ್ ಮತ್ತು ಫೋಟೋಶಾಪ್ ಕೆಲಸಕ್ಕೆ ಹೊಂದುತ್ತದೆಯೇ?

ಅಚ್ಚುಮೊಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಮುದ್ರಣಾಲಯದಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಫ್ಲೆಕ್ಸ್, ಅಂಗಡಿಗಳ ಬಿಲ್ ಪುಸ್ತಕ, ಆಗೊಮ್ಮೆ ಈಗೊಮ್ಮೆ ಪುಸ್ತಕದ ಮುಖಪುಟ, ಇವೇ ನಮ್ಮಲ್ಲಿಗೆ ಬರುವ ಕೆಲಸಗಳು. ಪುಟ ಕಟ್ಟುವುದು ಕೋರೆಲ್‌ಡ್ರಾದಲ್ಲಿ, ಫೋಟೋ ಕತ್ತರಿಸಿ ತಿದ್ದುವುದು ಫೋಟೋಶಾಪ್‌ನಲ್ಲಿ. ಮದುವೆಯ ಸೀಸನ್ನಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೌಸ್ ಕೈಬಿಡುವಂತಿಲ್ಲವಾದ್ದರಿಂದ ಬಲ ಮಣಿಕಟ್ಟು ಬಿಗಿದುಕೊಳ್ಳುತ್ತದೆ. ಪೆನ್ ಟ್ಯಾಬ್ಲೆಟ್ (ಪೆನ್ನಿನ ಚಲನೆಯನ್ನು ಕಂಪ್ಯೂಟರ್ ಪರದೆಗೆ ಒಯ್ಯುವ ಹಲಗೆ) ಬಳಸಿದರೆ ಕೈಗೆ ಆರಾಮವಾಗುತ್ತದೆ, ಫೋಟೋ ಕತ್ತರಿಸುವುದೂ ಚುರುಕಾಗುತ್ತದೆ ಎಂದು ಹಲವರು ಹೇಳಿದ್ದಾರೆ.

ಗೆಳೆಯರೊಬ್ಬರಿಂದ ಸಣ್ಣ ಟ್ಯಾಬ್ಲೆಟ್ ಒಂದನ್ನು ತಂದು ನೋಡಿದೆ. ವೃತ್ತ ಬರೆದರೆ ಅಡ್ಡಕ್ಕೆ ಹಿಗ್ಗಿದ ಅಂಡಾಕಾರ ಮೂಡುತ್ತದೆ. ಕರ್ಸರ್ ಪರದೆಯ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಕೋರೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಲು ಹೋದರೆ ವಸ್ತುವೇ ಜಾಗ ಬಿಟ್ಟು ಸರಿಯುತ್ತದೆ. ನನ್ನ ಮೇಜಿನ ಮೇಲೆ ಎರಡು ಮಾನಿಟರ್‌ಗಳಿವೆ ಎಂಬುದನ್ನೂ ಹೇಳಬೇಕು. ಇದು ಅಭ್ಯಾಸದಿಂದ ಸರಿಹೋಗುವಂಥದ್ದೇ, ಅಥವಾ ಸೆಟ್ಟಿಂಗ್‌ಗಳಲ್ಲಿ ಏನಾದರೂ ಬದಲಿಸಬೇಕೇ? ಯಾವ ಅಳತೆಯದ್ದನ್ನು ಕೊಳ್ಳುವುದು ಒಳ್ಳೆಯದು? ಮೌಸನ್ನು ಪೂರ್ತಿಯಾಗಿ ಬಿಟ್ಟುಬಿಡಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಬೆಳಕಿಂಡಿ ಉತ್ತರಿಸಿದ್ದು:

ಮೊದಲು ಆ ಅಂಡಾಕಾರದ ವಿಷಯ, ಏಕೆಂದರೆ ನಿಮ್ಮ ಕರ್ಸರ್ ಹಾರುವುದಕ್ಕೂ ಅದೇ ಕಾರಣ. ಮೌಸ್ ತಾನು ಯಾವ ದಿಕ್ಕಿಗೆ ಎಷ್ಟು ಸರಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅದನ್ನು ಎತ್ತಿ ಬೇರೆ ಕಡೆ ಇಟ್ಟರೂ ಕರ್ಸರ್ ಇದ್ದಲ್ಲೇ ಇರುತ್ತದೆ. ಪೆನ್ ಹಾಗಲ್ಲ. ಟ್ಯಾಬ್ಲೆಟ್‌ನ ಪ್ರತಿಯೊಂದು ಬಿಂದುವಿಗೂ ಪರದೆಯ ಮೇಲೆ ಒಂದು ನಿಗದಿಯಾದ ಜಾಗವಿರುತ್ತದೆ, ನೀವು ಪೆನ್ನನ್ನು ಎಲ್ಲಿಗೆ ಒಯ್ದರೆ ಕರ್ಸರ್ ಅಲ್ಲಿಗೇ ಹೋಗುತ್ತದೆ. ವ್ಯಾಕಮ್ ಕಂಪನಿಯ ಸಣ್ಣ ಮಾದರಿಗಳಲ್ಲಿ ಬರೆಯುವ ಜಾಗ 152 × 95 ಮಿ.ಮೀ. ಇರುತ್ತದೆ, ನಿಮ್ಮ ಗೆಳೆಯರದ್ದೂ ಹೆಚ್ಚುಕಡಿಮೆ ಅಷ್ಟೇ ಇರಬಹುದು. 1920 × 1080ರ ಎರಡು ಮಾನಿಟರ್‌ಗಳನ್ನು ಅಕ್ಕಪಕ್ಕ ಇಟ್ಟಿದ್ದು, ಡ್ರೈವರ್‌ನಲ್ಲಿ (ಟ್ಯಾಬ್ಲೆಟ್ಟನ್ನು ಕಂಪ್ಯೂಟರ್‌ಗೆ ಹೊಂದಿಸುವ ತಂತ್ರಾಂಶದಲ್ಲಿ) ಎಲ್ಲ ಪರದೆಗಳೂ ಎಂಬ ಆಯ್ಕೆ ಇದ್ದರೆ, ಆ 152 ಮಿ.ಮೀ. ಅಗಲ 3840 ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಅಂದರೆ ಅಡ್ಡಕ್ಕೆ ಒಂದು ಮಿಲಿಮೀಟರಿಗೆ ಸುಮಾರು 25 ಪಿಕ್ಸೆಲ್, ಮೇಲಿಂದ ಕೆಳಕ್ಕೆ ಸುಮಾರು 11 ಮಾತ್ರ. ನಿಮ್ಮ ಕೈ ಸರಿಯಾದ ವೃತ್ತವನ್ನೇ ಬರೆಯಿತು, ಡ್ರೈವರ್ ಅದನ್ನು ಎರಡು ಪಟ್ಟಿಗಿಂತ ಹೆಚ್ಚು ಅಗಲಿಸಿತು.

ಆದ್ದರಿಂದ ಡ್ರೈವರ್ ತೆರೆದು ಟ್ಯಾಬ್ಲೆಟ್ಟನ್ನು ಒಂದೇ ಮಾನಿಟರ್‌ಗೆ ಹೊಂದಿಸಿ. ಆಗಲೂ ಪರದೆಯ ಪ್ರಮಾಣ 16:9, ಟ್ಯಾಬ್ಲೆಟ್‌ನದ್ದು 16:10 ಆದ್ದರಿಂದ ವೃತ್ತ ಶೇ. 11ರಷ್ಟು ಅಗಲವಾಗಿಯೇ ಬರುತ್ತದೆ. ಪ್ರಮಾಣವನ್ನು ಕಾಯ್ದುಕೊಳ್ಳುವ ಆಯ್ಕೆಯೊಂದು ಅಲ್ಲಿಯೇ ಇರುತ್ತದೆ, ಅದನ್ನು ಆರಿಸಿದರೆ ಕೆಳಭಾಗದ ಒಂದು ಸೆಂಟಿಮೀಟರಿಗೂ ಕಡಿಮೆ ಪಟ್ಟಿ ನಿರುಪಯೋಗಿಯಾಗುತ್ತದೆ, ಬದಲಿಗೆ ಕೈ ಬರೆದದ್ದೂ ಕಣ್ಣು ಕಂಡದ್ದೂ ಒಂದೇ ಆಗುತ್ತದೆ. ಕರ್ಸರ್ ಹಾರಾಟಕ್ಕೆ ಬೇಸತ್ತು ಕೆಲವರು ಪೆನ್ನನ್ನು ಮೌಸ್ ಮೋಡ್‌ಗೆ ಬದಲಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ನೋಡದೆಯೇ ಜಾಗ ಹಿಡಿಯುವ ಅಭ್ಯಾಸ ಕೈಗೆ ಕೂಡುವುದು ನಿಗದಿತ ಜಾಗದ ಕ್ರಮದಲ್ಲಿ ಮಾತ್ರ.

ಅಳತೆಯ ಬಗ್ಗೆ ನನ್ನ ಸಲಹೆ ಮಧ್ಯಮದ್ದು, ಅಂದರೆ 216 × 135 ಮಿ.ಮೀ. ಆಸುಪಾಸಿನದ್ದು. 24 ಇಂಚಿನ ಮಾನಿಟರ್ ಸುಮಾರು 53 ಸೆಂ.ಮೀ. ಅಗಲವಿರುತ್ತದೆ. ಸಣ್ಣ ಟ್ಯಾಬ್ಲೆಟ್‌ನಲ್ಲಿ ಕೈ ಒಂದು ಸೆಂಟಿಮೀಟರ್ ಸರಿದರೆ ಕರ್ಸರ್ ಮೂರೂವರೆ ಸೆಂಟಿಮೀಟರ್ ಓಡುತ್ತದೆ, ಮಧ್ಯಮದ್ದರಲ್ಲಿ ಎರಡೂವರೆ. ಸಣ್ಣದ್ದರಲ್ಲಿ ಬೆರಳು ಮತ್ತು ಮಣಿಕಟ್ಟಷ್ಟೇ ಆಡುತ್ತವೆ, ಮಧ್ಯಮದ್ದರಲ್ಲಿ ಮುಂಗೈಯೂ ಜೊತೆಗೂಡುತ್ತದೆ. ನೋವಿನ ದೃಷ್ಟಿಯಿಂದ ಎರಡನೆಯದೇ ಮೇಲು. ಇನ್ನೂ ದೊಡ್ಡದನ್ನು ಕೊಂಡರೆ ಕೀಬೋರ್ಡ್‌ಗೆ ಜಾಗವಿಲ್ಲದೆ ಎಡಗೈ ದೂರ ಚಾಚಬೇಕಾಗುತ್ತದೆ.

ಡಬ್ಬಿಯ ಮೇಲೆ ಪೆನ್ ಗುರುತಿಸಬಲ್ಲ ಒತ್ತಡದ ಹಂತಗಳು 2048, 4096, 8192 ಎಂದು ಮುದ್ರಿಸಿರುತ್ತಾರೆ. ಅದನ್ನು ನೋಡಿ ಹೆಚ್ಚು ಹಣ ಕೊಡಬೇಕಾಗಿಲ್ಲ. 4096ಕ್ಕೂ 8192ಕ್ಕೂ ಇರುವ ವ್ಯತ್ಯಾಸ ನಮ್ಮ ಕೆಲಸದಲ್ಲಿ ಕೈಗೆ ತಿಳಿಯುವುದಿಲ್ಲ; ಪೆನ್ ಎಷ್ಟು ಹಗುರವಾಗಿ ತಾಗಿದಾಗ ಗೆರೆ ಆರಂಭವಾಗುತ್ತದೆ ಎಂಬುದು ತಕ್ಷಣ ತಿಳಿಯುತ್ತದೆ.

ಇನ್ನು ಫೋಟೋಶಾಪ್. ವಧುವಿನ ಜಡೆ, ಮಲ್ಲಿಗೆ ದಂಡೆ, ಕೆನ್ನೆಯ ಮೇಲೆ ಇಳಿದ ನಾಲ್ಕು ಕೂದಲೆಳೆ, ಇವುಗಳನ್ನು ಹಿನ್ನೆಲೆಯಿಂದ ಬಿಡಿಸುವಾಗ ಪೆನ್ನಿನ ಬೆಲೆ ಗೊತ್ತಾಗುತ್ತದೆ. ಲೇಯರ್ ಮಾಸ್ಕ್ (ಚಿತ್ರದ ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಪರದೆ) ಹಾಕಿ, ಬ್ರಷ್‌ನ ಗಾತ್ರವನ್ನು ಪೆನ್ನಿನ ಒತ್ತಡಕ್ಕೆ ಕಟ್ಟಿಕೊಂಡರೆ, ಎಳೆಯ ಬುಡದಲ್ಲಿ ತುಸು ಒತ್ತಿ ತುದಿಗೆ ಹೋಗುತ್ತಾ ಹಗುರವಾಗಿ ಎತ್ತಿದಾಗ ಕೂದಲು ತಾನಾಗಿ ಸಪೂರವಾಗಿ ಮುಗಿಯುತ್ತದೆ. ಎಡಗೈ ಎಕ್ಸ್ ಕೀಲಿಯ ಮೇಲಿರಲಿ. ಕಪ್ಪು ಬಿಳುಪು ಅದಲುಬದಲಾಗುತ್ತಿದ್ದರೆ ಅಳಿಸುವುದು, ತುಂಬುವುದು ಒಂದೇ ಓಟದಲ್ಲಿ ಸಾಗುತ್ತದೆ. ಗೆರೆ ಆರಂಭವಾಗುವಲ್ಲಿ ತಡೆದಂತಾಗಿ ಸಣ್ಣ ಉಂಗುರವೊಂದು ಕಾಣಿಸಿಕೊಂಡರೆ, ಅದು ಪೆನ್ನನ್ನು ಒತ್ತಿಹಿಡಿದರೆ ರೈಟ್ ಕ್ಲಿಕ್ ಎಂದು ತಿಳಿಯುವ ವಿಂಡೋಸ್‌ನ ಸೌಲಭ್ಯ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದು. ಆದರೆ ಡ್ರೈವರ್‌ನಲ್ಲಿರುವ ವಿಂಡೋಸ್ ಇಂಕ್ ಆಯ್ಕೆಯನ್ನು ತೆಗೆಯಬೇಡಿ, ಫೋಟೋಶಾಪ್ ಸಾಮಾನ್ಯವಾಗಿ ಅದರ ಮೂಲಕವೇ ಒತ್ತಡವನ್ನು ತಿಳಿದುಕೊಳ್ಳುತ್ತದೆ.

ಪುಟಗಟ್ಟು ಉತ್ತರಿಸಿದ್ದು:

ಬೆಳಕಿಂಡಿಯವರು ಫೋಟೋಶಾಪ್ ಬಗ್ಗೆ ಬರೆದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಪ್ರಶ್ನೆ ಕೇಳಿದವರ ಕೆಲಸದಲ್ಲಿ ಹೆಚ್ಚಿನ ಪಾಲು ಕೋರೆಲ್‌ನದ್ದು, ಅಲ್ಲಿ ಪೆನ್ ಅಷ್ಟೇನೂ ಉಪಕಾರಿಯಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳಿತು. ಬಿಲ್ ಪುಸ್ತಕದ ಕೋಷ್ಟಕ ಎಳೆಯುವಾಗ, ವಧೂವರರ ಹೆಸರನ್ನು ಗಣಪತಿಯ ಚಿತ್ರದ ಕೆಳಗೆ ನಡುವಿಗೆ ಕೂರಿಸುವಾಗ ಬೇಕಾಗುವುದು ಹರಿಯುವ ಕೈಯಲ್ಲ, ಇದ್ದಲ್ಲೇ ನಿಲ್ಲುವ ಕೈ. ಮೌಸ್‌ನಿಂದ ಕೈ ತೆಗೆದು ಬಾಣದ ಕೀಲಿ ಒತ್ತಿ ಮತ್ತೆ ಹಿಡಿದರೂ ಕರ್ಸರ್ ಅಲ್ಲೇ ಇರುತ್ತದೆ. ಪೆನ್ನನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಟೈಪ್ ಮಾಡಿ ಮರಳಿ ಬಂದರೆ ಕರ್ಸರ್ ಇನ್ನೆಲ್ಲೋ ಇರುತ್ತದೆ, ಪ್ರತಿಸಲವೂ ಹುಡುಕಬೇಕು.

ಡಬಲ್ ಕ್ಲಿಕ್ ಸಮಸ್ಯೆಗೆ ಕಾರಣ ಸರಳ. ಪೆನ್ನಿನ ಎರಡನೆಯ ತಟ್ಟು ಮೊದಲನೆಯದು ಬಿದ್ದ ಪಿಕ್ಸೆಲ್ ಮೇಲೆಯೇ ಬೀಳುವುದಿಲ್ಲ. ಆ ಅಂತರ ತುಸು ಹೆಚ್ಚಾದರೆ ಅದನ್ನು ಡಬಲ್ ಕ್ಲಿಕ್ ಎಂದು ಎಣಿಸುವುದಿಲ್ಲ, ತಟ್ಟುವಾಗ ತುದಿ ಸ್ವಲ್ಪ ಜಾರಿದರೆ ವಸ್ತುವನ್ನು ಎಳೆಯುತ್ತಿದ್ದೀರಿ ಎಂದು ಕೋರೆಲ್ ತಿಳಿಯುತ್ತದೆ. ಡ್ರೈವರ್‌ನಲ್ಲಿ ಡಬಲ್ ಕ್ಲಿಕ್ ಅಂತರವನ್ನು ಹಿಗ್ಗಿಸಬಹುದು, ಆದರೆ ತೀರಾ ಹಿಗ್ಗಿಸಿದರೆ ಗೆರೆ ತಡವಾಗಿ ಆರಂಭವಾಗುತ್ತದೆ. ಅದಕ್ಕಿಂತ ಪೆನ್ನಿನ ಮೈಮೇಲಿರುವ ಎರಡು ಗುಂಡಿಗಳಲ್ಲಿ ಒಂದಕ್ಕೆ ಡಬಲ್ ಕ್ಲಿಕ್ಕನ್ನು ಒಪ್ಪಿಸಿ, ತುದಿಯನ್ನು ತಾಗಿಸದೆ ಗಾಳಿಯಲ್ಲಿ ಹಿಡಿದೇ ಆ ಗುಂಡಿಯನ್ನು ಒತ್ತುವುದು ಮೇಲು. ಟೂಲ್‌ಗಳನ್ನು ಬದಲಿಸಲು ಕರ್ಸರನ್ನು ಪಕ್ಕದ ಪಟ್ಟಿಗೆ ಒಯ್ಯದೆ ಎಫ್10, ಎಫ್8, ಎಫ್5 ಕೀಲಿಗಳನ್ನೇ ಬಳಸಿದರೆ ಅರ್ಧ ಕಿರಿಕಿರಿ ಕಡಿಮೆಯಾಗುತ್ತದೆ.

ಮೌಸನ್ನು ಬಿಡಬೇಡಿ, ಎಡಗೈಗೆ ಕೊಡಿ ಎಂಬುದು ನನ್ನ ಅಭಿಪ್ರಾಯ. ಬಲಗೈಯಲ್ಲಿ ಪೆನ್ ಹಿಡಿದು ಕತ್ತರಿಸುವ, ತಿದ್ದುವ, ಬರೆಯುವ ಕೆಲಸ ಮಾಡಿ. ಸಾಲು ಹೊಂದಿಸುವ ಕೆಲಸ ಬಂದಾಗ ಎಡಗೈಯಲ್ಲಿ ಮೌಸ್ ಹಿಡಿಯಿರಿ. ಮೊದಮೊದಲು ಎಡಗೈ ತಡವರಿಸುತ್ತದೆ, ಆದರೆ ಹೊಂದಿಸುವ ಕೆಲಸಕ್ಕೆ ವೇಗಕ್ಕಿಂತ ನಿಖರತೆ ಮುಖ್ಯವಾದ್ದರಿಂದ ಅಷ್ಟು ಅಡ್ಡಿಯಾಗುವುದಿಲ್ಲ. ದಿನದ ಭಾರ ಎರಡೂ ಕೈಗಳಿಗೆ ಹಂಚಿಹೋಗುತ್ತದೆ.

ನೋವಿನ ಬಗ್ಗೆ ಒಂದು ಮಾತು. ಮೌಸ್ ಹಿಡಿದಾಗ ಅಂಗೈ ಪೂರ್ತಿ ನೆಲಮುಖವಾಗಿ ಮುಂಗೈ ತಿರುಚಿಕೊಂಡಿರುತ್ತದೆ, ಪೆನ್ ಹಿಡಿದಾಗ ಕೈ ತನ್ನ ಅಂಚಿನ ಮೇಲೆ ಕೂರುತ್ತದೆ ಎಂಬುದು ನಿಜ. ಆದರೆ ಹೊಸಬರು ಪೆನ್ನನ್ನು ಪರೀಕ್ಷೆ ಬರೆಯುವವರಂತೆ ಬಿಗಿಯಾಗಿ ಹಿಡಿದು ಒತ್ತುತ್ತಾರೆ, ಮಣಿಕಟ್ಟಿನ ನೋವು ಹೆಬ್ಬೆರಳಿನ ಬುಡಕ್ಕೆ ಬರುತ್ತದೆ. ಡ್ರೈವರ್‌ನಲ್ಲಿ ತುದಿಯನ್ನು ಮೃದುವಿನ ಕಡೆಗೆ ಸರಿಸಿದರೆ ಕಡಿಮೆ ಒತ್ತಡದಲ್ಲಿಯೇ ದಪ್ಪ ಗೆರೆ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ಅದರಲ್ಲೂ ರಾತ್ರಿ ಅದರಿಂದ ಎಚ್ಚರವಾಗುವುದು ಇದ್ದರೆ ಯಾವ ಉಪಕರಣ ಕೊಳ್ಳುವ ಮೊದಲೂ ವೈದ್ಯರಿಗೆ ತೋರಿಸಿ. ಅದು ಮಣಿಕಟ್ಟಿನಲ್ಲಿ ನರ ಒತ್ತಲ್ಪಡುತ್ತಿರುವುದರ ಲಕ್ಷಣವಾಗಿರಬಹುದು.

ಅಚ್ಚುಮೊಳೆ:

ಇಬ್ಬರಿಗೂ ಧನ್ಯವಾದಗಳು. ಒಂದೇ ಮಾನಿಟರ್‌ಗೆ ಹೊಂದಿಸಿ, ಪ್ರಮಾಣದ ಆಯ್ಕೆಯನ್ನೂ ಆರಿಸಿ ನೋಡಿದೆ, ವೃತ್ತ ವೃತ್ತವಾಗಿಯೇ ಬರುತ್ತಿದೆ. ಜೋಮು ಹಿಡಿಯುವ ತೊಂದರೆ ಇಲ್ಲ. ಇನ್ನೊಂದು ಸಂದೇಹವಿದೆ: ಮುಖಪುಟಗಳಿಗೆ ಕನ್ನಡದ ಶೀರ್ಷಿಕೆಯನ್ನು ಕೈಬರಹದಲ್ಲಿ ಬರೆಯಲು ಇದು ಅನುಕೂಲವಾಗುತ್ತದೆಯೇ? ಈಗ ಕಾಗದದ ಮೇಲೆ ಬ್ರಷ್‌ನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕೋರೆಲ್‌ನಲ್ಲಿ ಟ್ರೇಸ್ ಮಾಡುತ್ತಿದ್ದೇನೆ. ಟ್ಯಾಬ್ಲೆಟ್ ಮೇಲೆ ಬರೆದ ಅಕ್ಷರ ಮಾತ್ರ ನನ್ನ ಕೈಬರಹದಂತೆಯೇ ಕಾಣುವುದಿಲ್ಲ.

ಒತ್ತಕ್ಷರ ಉತ್ತರಿಸಿದ್ದು:

ಅನುಕೂಲವಾಗುತ್ತದೆ, ಆದರೆ ಕಾಗದದ ಮೇಲೆ ಬರೆಯುವ ಅಳತೆಯಲ್ಲಿ ಬರೆಯಬಾರದು. ಕನ್ನಡದ ಅಕ್ಷರಗಳಲ್ಲಿ ಬಹುಪಾಲು ಬಾಗುಗಳೇ, ಚಿಕ್ಕದಾಗಿ ಬರೆದರೆ ಬೆರಳಿನ ನಡುಕವೆಲ್ಲ ಆ ಬಾಗುಗಳಲ್ಲಿ ಕಾಣಿಸುತ್ತದೆ. ಒಂದು ಅಕ್ಷರ ಟ್ಯಾಬ್ಲೆಟ್‌ನ ಅರ್ಧ ಎತ್ತರದಷ್ಟಾದರೂ ಬರುವಂತೆ ಪರದೆಯನ್ನು ಹಿಗ್ಗಿಸಿಕೊಂಡು, ಮುಂಗೈಯನ್ನೂ ಸೇರಿಸಿ ಒಂದೇ ಬೀಸಿನಲ್ಲಿ ಎಳೆಯಿರಿ. ತಲೆಕಟ್ಟನ್ನು ಅಕ್ಷರದ ಮೈಯೊಡನೆ ಸೇರಿಸಿ ಬರೆಯದೆ ಬೇರೆಯದೇ ಗೆರೆಯಾಗಿ ಕೊನೆಗೆ ಹಾಕಿ: ಎಡಕ್ಕೆ ಒತ್ತಿ ಆರಂಭಿಸಿ, ಬಲಕ್ಕೆ ಎಳೆಯುತ್ತಾ ಹಗುರ ಮಾಡಿದರೆ ಬ್ರಷ್ಷಿನಿಂದ ಬರುವ ಆ ಚೂಪು ಕೊನೆ ಬರುತ್ತದೆ. ಒತ್ತಕ್ಷರಗಳನ್ನು ಬೇರೆ ಲೇಯರ್‌ನಲ್ಲಿ ಬರೆದುಕೊಂಡರೆ ಗಾತ್ರ, ಜಾಗ ಎರಡನ್ನೂ ಆಮೇಲೆ ಸರಿಪಡಿಸಬಹುದು. ‘ಷ್ಟ್ರ’, ‘ಕ್ಷ್ಮ’ ಮುಂತಾದವು ಒಂದೇ ಸಲಕ್ಕೆ ಸರಿಯಾಗಿ ಕೂರುವುದು ಅಪರೂಪ.

ಕೋರೆಲ್‌ನ ಆರ್ಟಿಸ್ಟಿಕ್ ಮೀಡಿಯಾ ಟೂಲ್‌ನಲ್ಲಿ ಪೆನ್ನಿನ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುವ ಕ್ರಮವೊಂದಿದೆ. ಮೌಸ್ ಬಳಸುವವರು ಅಲ್ಲಿ ಮೇಲಿನ, ಕೆಳಗಿನ ಬಾಣದ ಕೀಲಿಗಳನ್ನು ಒತ್ತುತ್ತಾ ದಪ್ಪ ತೆಳುವನ್ನು ತರಬೇಕು. ಅದರಲ್ಲಿ ‘ಳ’ ಬರೆದು ನೋಡಿದವರಿಗೆ ಪೆನ್ನಿನ ಅಗತ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಇಂಕ್‌ಸ್ಕೇಪ್‌ನ ಕ್ಯಾಲಿಗ್ರಫಿ ಟೂಲ್ ಉಚಿತವಾಗಿ ಸಿಗುತ್ತದೆ, ಪಟ್ಟೆ ನಿಬ್ಬಿನ ಕೋನವನ್ನು ಅದರಲ್ಲಿ ನಿಗದಿ ಮಾಡಿಕೊಳ್ಳಬಹುದು. ಹೀಗೆ ಬರೆದದ್ದನ್ನು ಮುದ್ರಣಕ್ಕೆ ಕಳುಹಿಸುವ ಮೊದಲು ಹೆಚ್ಚುವರಿ ನೋಡ್‌ಗಳನ್ನು (ಗೆರೆಯ ಆಕಾರವನ್ನು ಹಿಡಿದಿಡುವ ಬಿಂದುಗಳನ್ನು) ತೆಗೆದು ಬಾಗುಗಳನ್ನು ನಯ ಮಾಡಬೇಕು, ಆ ಹಂತದಲ್ಲಿ ಪುಟಗಟ್ಟು ಅವರು ಹೇಳಿದಂತೆ ಮೌಸ್‌ಗೆ ಮರಳುವುದೇ ಸರಿ.

ಮೇಲ್ಮೈ ಜಾರುತ್ತದೆ ಎನಿಸಿದರೆ ಟ್ಯಾಬ್ಲೆಟ್ ಮೇಲೆ ಒಂದು ತೆಳು ಕಾಗದ ಅಂಟಿಸಿ ಬರೆಯಿರಿ. ಬ್ಯಾಟರಿಯಿಲ್ಲದ ಪೆನ್ನುಗಳು ಟ್ಯಾಬ್ಲೆಟ್‌ನ ಒಳಗಿನ ತಂತಿಬಲೆ ಹೊರಡಿಸುವ ವಿದ್ಯುತ್ಕಾಂತೀಯ ಸಂಕೇತದಿಂದಲೇ ಕೆಲಸ ಮಾಡುವುದರಿಂದ ಕಾಗದ ಅಡ್ಡಬರುವುದಿಲ್ಲ. ನಿಬ್ ಮಾತ್ರ ಬೇಗ ಸವೆಯುತ್ತದೆ. ಅಚ್ಚಾದ ಹಳೆಯ ಶೀರ್ಷಿಕೆಯನ್ನು ಮೇಲಿಟ್ಟು ಅದರ ಮೇಲೆಯೇ ತಿದ್ದಿದರೆ ಪರದೆಯಲ್ಲಿ ಗೆರೆ ಮೂಡುತ್ತದೆ.

ಪುಟಗಟ್ಟು:

ಒತ್ತಕ್ಷರ ಅವರ ಕೊನೆಯ ಮಾತಿನಿಂದ ನೆನಪಾಯಿತು. ಮುದ್ರಣಾಲಯಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಮೇಜುಗಳೇ ಇರುತ್ತವೆ. ಲೋಹದ ಮೇಲೆ ನೇರವಾಗಿ ಟ್ಯಾಬ್ಲೆಟ್ ಇಟ್ಟರೆ ಆ ಸಂಕೇತಕ್ಕೆ ಅಡಚಣೆಯಾಗಿ ಕರ್ಸರ್ ನಡುಗುವುದುಂಟು, ಬಳಸುವವರು ತಮ್ಮ ಕೈಯೇ ನಡುಗುತ್ತಿದೆ ಎಂದುಕೊಳ್ಳುತ್ತಾರೆ. ಕೆಳಗೆ ದಪ್ಪನೆಯ ಪ್ಲೈವುಡ್ ತುಂಡೊಂದನ್ನು ಹಾಕಿ, ಮೊಬೈಲ್ ಚಾರ್ಜರನ್ನು ಸ್ವಲ್ಪ ದೂರವಿಟ್ಟು ನೋಡಿ.