‘ಫತ್ಹ್’ ಎಂದರೆ ಗೆಲ್ಲುವುದೋ, ತೆರೆಯುವುದೋ?

ಎಲ್ಲರಿಗೂ ನಮಸ್ಕಾರ.

ಏಳನೆಯ ಶತಮಾನದಲ್ಲಿ ಅರಬರ ದಂಡುಗಳು ಸಿರಿಯಾ, ಇರಾಕ್, ಈಜಿಪ್ಟ್ ಮತ್ತು ಇರಾನಿನಲ್ಲಿ ನಡೆಸಿದ ಯುದ್ಧಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಎರಡು ವಾರಗಳಿಂದ ಒಂದೇ ಪದದ ಬಳಿ ನಿಂತಿದ್ದೇನೆ. ಅದು ‘ಫತ್ಹ್’, ಬಹುವಚನದಲ್ಲಿ ‘ಫುತೂಹ್’. ಈ ಯುದ್ಧಗಳನ್ನು ಅರಬ್ಬಿ ಇತಿಹಾಸಕಾರರು ಕರೆಯುವುದೇ ಹೀಗೆ.

ನಿಘಂಟು ತೆರೆದರೆ ‘ಗೆಲುವು’ ಎಂದಿರುತ್ತದೆ. ತಪ್ಪಲ್ಲ. ಆದರೆ ಧಾತುವಿನ ಮೂಲ ಅರ್ಥ ‘ತೆರೆ’. ಬಾಗಿಲು ತೆರೆಯುವುದಕ್ಕೂ ಊರು ಗೆಲ್ಲುವುದಕ್ಕೂ ಅರಬ್ಬಿಯಲ್ಲಿ ಒಂದೇ ಕ್ರಿಯಾಪದ. ಕುರ್‌ಆನಿನ ಮೊದಲ ಅಧ್ಯಾಯ ‘ಫಾತಿಹಾ’, ಅಂದರೆ ತೆರೆಯುವಂಥದ್ದು. ಬೀಗದ ಕೈಗೆ ‘ಮಿಫ್ತಾಹ್’ ಎನ್ನುತ್ತಾರೆ. ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮ ಕಡೆಗೆ ಬರುವ ಹೊತ್ತಿಗೆ ಆ ತೆರೆಯುವ ಅರ್ಥ ಉದುರಿ, ಗೆಲುವಷ್ಟೇ ಉಳಿಯಿತು. ಬೀದರಿನಲ್ಲೂ ವಿಜಯಪುರದಲ್ಲೂ ‘ಫತೇ ದರವಾಜಾ’ ಇದೆ. ಅದನ್ನು ಗೆಲುವಿನ ಬಾಗಿಲು ಎಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಬಾಗಿಲಿನ ಹೆಸರಿನಲ್ಲೇ ತೆರೆಯುವ ಧಾತು ಕುಳಿತಿದೆ ಎಂದು ಹೊಳೆದ ದಿನ ನನಗೆ ಬಹಳ ಸಂತೋಷವಾಯಿತು.

ಕನ್ನಡದ ಮನಸ್ಸು ಬೇರೆ. ನಮ್ಮ ಶಾಸನಗಳಲ್ಲಿ ಅರಸರು ಊರನ್ನು ತೆರೆಯುವುದಿಲ್ಲ, ಕೊಳ್ಳುತ್ತಾರೆ. ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ನಾದ. ಇಂದು ಅಂಗಡಿಯಲ್ಲಿ ಬಳಸುವ ‘ಕೊಳ್ಳು’ ಅಂದು ರಣರಂಗದ ಪದ. ಇಲ್ಲಿ ಊರು ಗೆದ್ದವನ ಕೈ ಸೇರುತ್ತದೆ, ಅಲ್ಲಿ ಊರಿನ ಬಾಗಿಲು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಅರಬರ ದಂಡನಾಯಕ ಖಾಲಿದ್ ಸಿರಿಯಾದ ದಮಾಸ್ಕಸ್ ನಗರವನ್ನು ಗೆದ್ದದ್ದನ್ನು ‘ಖಾಲಿದನು ದಮಾಸ್ಕಸ್ಸನ್ನು ತೆರೆದನು’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯದು. ‘ಗೆದ್ದನು’ ಎಂದರೆ ತಿಳಿಯುತ್ತದೆ, ಆದರೆ ಮುಖ್ಯವಾದುದೇ ಜಾರಿಹೋಗುತ್ತದೆ.

ಏಕೆಂದರೆ ಬಾಗಿಲು ಹೇಗೆ ತೆರೆಯಿತು ಎಂಬುದರ ಮೇಲೆ ಆ ಊರಿನ ಮುಂದಿನ ಗತಿ ನಿಂತಿತ್ತು. ‘ಸುಲ್ಹ್’ ಎಂದರೆ ಒಪ್ಪಂದದಿಂದ ತೆರೆದದ್ದು, ‘ಅನ್ವಾ’ ಎಂದರೆ ಬಲದಿಂದ ತೆರೆದದ್ದು. ದಮಾಸ್ಕಸ್ಸಿನ ಬಗ್ಗೆ ಹಲವು ಕಥನಗಳಿವೆ. ಹೆಚ್ಚು ಪ್ರಚಲಿತವಾದುದರ ಪ್ರಕಾರ ಖಾಲಿದ್ ಇಬ್ನ್ ಅಲ್ ವಲೀದ್ ಪೂರ್ವದ ಬಾಗಿಲಿನಿಂದ ಬಲವಂತವಾಗಿ ನುಗ್ಗಿದ. ಅದೇ ಹೊತ್ತಿಗೆ ಅರಬರ ಇನ್ನೊಬ್ಬ ದಂಡನಾಯಕ ಅಬೂ ಉಬೈದಾ ಪಶ್ಚಿಮದ ಜಾಬಿಯಾ ಬಾಗಿಲಿನಿಂದ ಒಪ್ಪಂದದ ಮೇಲೆ ಒಳಗೆ ಬಂದ. ಇಬ್ಬರೂ ಊರ ನಡುವೆ ಎದುರಾದರು. ಒಂದೇ ಊರು, ಎರಡು ಬಗೆಯ ಫತ್ಹ್! ಕೊನೆಗೆ ಊರನ್ನು ಒಪ್ಪಂದದ ಊರೆಂದೇ ಎಣಿಸಲಾಯಿತು. ಈಜಿಪ್ಟನ್ನು ದಂಡನಾಯಕ ಅಮ್ರ್ ಇಬ್ನ್ ಅಲ್ ಆಸ್ ಗೆದ್ದದ್ದು ಸುಲ್ಹಿನಿಂದಲೋ ಅನ್ವಾದಿಂದಲೋ ಎಂದು ಮುಂದಿನ ತಲೆಮಾರಿನ ಧರ್ಮಶಾಸ್ತ್ರಜ್ಞರು ವಾದಿಸುತ್ತಲೇ ಇದ್ದರು. ಅದು ಬರೀ ಪದದ ಜಗಳವಲ್ಲ, ನೆಲದ ಒಡೆತನ ಮತ್ತು ಕಂದಾಯದ ಪ್ರಶ್ನೆ.

ಈ ಎರಡಕ್ಕೆ ಮಾತ್ರ ನನಗೆ ಕನ್ನಡದಲ್ಲೇ ಒಳ್ಳೆಯ ಪದಗಳು ಸಿಕ್ಕಿವೆ ಎಂದುಕೊಂಡಿದ್ದೇನೆ. ಅನ್ವಾಕ್ಕೆ ‘ಲಗ್ಗೆ’. ಸುಲ್ಹಿಗೆ ‘ಕೌಲು’. ಪ್ರಾಣಕ್ಕೂ ಸೊತ್ತಿಗೂ ಅಭಯದ ಮಾತು ಕೊಡುವುದಕ್ಕೆ ನಮ್ಮಲ್ಲಿ ‘ಕೌಲು ಕೊಡು’ ಎಂಬ ಬಳಕೆ ಇತ್ತು. ಆ ಪದವೂ ಅರಬ್ಬಿಯ ‘ಕೌಲ್’, ಅಂದರೆ ಮಾತು, ಎಂಬುದರಿಂದಲೇ ಬಂದದ್ದು. ‘ಲಗ್ಗೆಯ ಊರು, ಕೌಲಿನ ಊರು’ ಎಂದರೆ ಇಂದಿನ ಓದುಗರಿಗೆ ದಕ್ಕುತ್ತದೆಯೇ? ಕೌಲು ಎಂದೊಡನೆ ಗೇಣಿಯ ಪತ್ರವಷ್ಟೇ ನೆನಪಾಗುತ್ತದೆಯೇ? ಹಿರಿಯರು ತಿಳಿಸಬೇಕು.

ಫತ್ಹಿಗೆ ನಾನು ಬೇಡವೆಂದು ಬಿಟ್ಟ ಪದಗಳನ್ನೂ ಹೇಳಿಬಿಡುತ್ತೇನೆ. ‘ದಂಡಯಾತ್ರೆ’ ಹೊರಟು ನಡೆಯುವುದನ್ನು ಹೇಳುತ್ತದೆ, ಫಲವನ್ನಲ್ಲ. ‘ದಿಗ್ವಿಜಯ’ದಲ್ಲಿ ಅರಸನೇ ದಿಕ್ಕುಗಳನ್ನು ಸುತ್ತಿ, ಕಪ್ಪ ಪಡೆದು ಮನೆಗೆ ಮರಳುತ್ತಾನೆ. ಇಲ್ಲಿ ಖಲೀಫ ಉಮರ್ ಮದೀನಾದಲ್ಲಿದ್ದ, ಯುದ್ಧ ನಡೆಸಿದವರು ದಂಡನಾಯಕರು. ದಂಡುಗಳು ಹಿಂದಿರುಗಲಿಲ್ಲ. ಬಸ್ರಾ, ಕೂಫಾ, ಫುಸ್ತಾತ್‌ನಂಥ ಪಾಳೆಯದ ಊರುಗಳನ್ನು ಕಟ್ಟಿಕೊಂಡು ಅಲ್ಲೇ ನೆಲೆಸಿದವು. ‘ಆಕ್ರಮಣ’ ಎಂದರೆ ಸೋತವರ ಕಡೆಯಿಂದ ನೋಡಿದ ಮಾತು. ಅದಕ್ಕೂ ಲೇಖನದಲ್ಲಿ ಜಾಗವಿದೆ, ಆದರೆ ಫತ್ಹಿನ ಅನುವಾದವಾಗಿ ಅಲ್ಲ.

ಸದ್ಯಕ್ಕೆ ‘ಕೈವಶ’ ಎಂದು ಬರೆದು ಮುಂದೆ ಹೋಗುತ್ತಿದ್ದೇನೆ. ಸಿರಿಯಾದ ಯರ್ಮೂಕ್ (636), ಇರಾಕಿನ ಕಾದಿಸಿಯ್ಯಾ ಯುದ್ಧಗಳವರೆಗೆ ಅದು ಹೇಗೋ ಸಾಗಿತು. ಇರಾನಿನ ನಹಾವಂದಿಗೆ ಬಂದಾಗ ಕೈಚೆಲ್ಲಿದೆ. 642ರ ಆ ಯುದ್ಧದಲ್ಲಿ ಅರಬರ ನಾಯಕ ನುಅಮಾನ್ ಇಬ್ನ್ ಮುಕರ್ರಿನ್ ಮಡಿದರೂ ಇರಾನನ್ನು ಆಳುತ್ತಿದ್ದ ಸಸಾನಿಯರ ದೊಡ್ಡ ಸೈನ್ಯ ಚದುರಿಹೋಯಿತು. ಝಾಗ್ರೋಸ್ ಬೆಟ್ಟಗಳ ಆಚೆಯ ಇರಾನಿಗೆ ದಾರಿ ಬಿಚ್ಚಿಕೊಂಡಿತು. ಅರಬರು ಅದನ್ನು ‘ಫತ್ಹ್ ಅಲ್ ಫುತೂಹ್’ ಎಂದರು. ‘ಗೆಲುವುಗಳ ಗೆಲುವು’ ಎಂದರೆ ಬಿರುದಿನಂತೆ ಕೇಳಿಸುತ್ತದೆ, ಬೆಟ್ಟದ ಬಾಗಿಲು ಕಾಣುವುದಿಲ್ಲ. ‘ಹೆಬ್ಬಾಗಿಲ ಗೆಲುವು’ ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ನೀವಾದರೆ ಏನೆನ್ನುತ್ತಿದ್ದಿರಿ?