ಬ್ಲಾಕ್ ಮಾರಿದವರು ಯಾರೋ, ದುಡ್ಡು ಕಟ್ಟೋರು ಯಾರೋ: ಡೊನೆಗಾಲ್ ಮನೆಗಳ ಬಗ್ಗೆ ನೀವೇನಂತೀರಿ?

ಲೆಟರ್‌ಕೆನ್ನಿ ವಾಸಿ
ಐರ್ಲೆಂಡಿನ ಡೊನೆಗಾಲ್ ಕೌಂಟಿಗೆ ಬಂದು ಒಂಬತ್ತು ವರ್ಷ ಆಯಿತು. ಪಕ್ಕದ ಮನೆ ಅಜ್ಜ ಒಂದು ದಿನ ಕರೆದು ತಮ್ಮ ಗೋಡೆ ತೋರಿಸಿದರು. ಕಿಟಕಿ ಮೂಲೆಯಿಂದ ಜೇಡರಬಲೆ ತರಹ ಬಿರುಕು. ಜೇಬಿಂದ ಒಂದು ಸೆಂಟ್ ನಾಣ್ಯ ತೆಗೆದು ಅದರೊಳಗೆ ತೂರಿಸಿದರು, ಸಲೀಸಾಗಿ ಹೋಯಿತು. ನಾಣ್ಯದ ದಪ್ಪ 1.67 ಮಿ.ಮೀ., ಸರ್ಕಾರದ ಸಹಾಯ ಕೇಳೋಕೆ ಬಿರುಕು 1.5 ಮಿ.ಮೀ. ಇರಬೇಕಂತೆ. "ನಾನು ಪಾಸು" ಅಂತ ನಕ್ಕರು. ಗಾರೆ ಉದುರಿದ ಜಾಗದಲ್ಲಿ ಬೆರಳು ಆಡಿಸಿದೆ, ಬ್ಲಾಕ್ ಟೀಯಲ್ಲಿ ಅದ್ದಿದ ರಸ್ಕ್ ಹಾಗೆ ಕೈಗೆ ಬಂತು.

ಕ್ವಾರಿಗಳಿಂದ ಬಂದ ಕೆಟ್ಟ ಕಾಂಕ್ರೀಟ್ ಬ್ಲಾಕ್‌ಗಳಲ್ಲಿ ಕಟ್ಟಿದ ಇಂಥ ಮನೆಗಳು ಇಲ್ಲಿ ಸಾವಿರಾರು. 2020ರ ಯೋಜನೆಯಲ್ಲಿ ರಿಪೇರಿ ಖರ್ಚಿಗೆ ಸರ್ಕಾರ 90 ಪರ್ಸೆಂಟ್, ಮನೆಯವರು 10 ಅಂತಿತ್ತು. 2021ರಲ್ಲಿ ಜನ ಡಬ್ಲಿನ್‌ಗೆ ಹೋಗಿ ಬೀದಿಗಿಳಿದ ಮೇಲೆ 2022ರಲ್ಲಿ ಹೊಸ ಕಾನೂನು ಬಂತು: ಸರ್ಕಾರದ್ದೇ 100 ಪರ್ಸೆಂಟ್, ಆದರೆ ಮನೆಗೆ 4,20,000 ಯೂರೋ ಮಿತಿ. 2024ರಲ್ಲಿ ಮಿತಿ 4,62,000 ಆಯಿತು. ಮೊನ್ನೆ ಯುಗಾದಿ ಊಟದಲ್ಲಿ ಒಬ್ಬರು "ಕ್ವಾರಿಯವನ ತಪ್ಪಿಗೆ ನನ್ನ ಟ್ಯಾಕ್ಸ್ ಯಾಕೆ?" ಅಂದರು. ನನ್ನ ಪ್ರಕಾರ ಕೊಡಲೇಬೇಕು.

ಡಬ್ಲಿನ್ ಬಾಡಿಗೆ ಮನೆ
ಹಾಗಂದವನು ನಾನೇ ಸರ್, ಇಲ್ಲೂ ಅದನ್ನೇ ಹೇಳ್ತೀನಿ. ನನ್ನ ಸಂಬಳದ ಅರ್ಧ ಬಾಡಿಗೆಗೆ ಹೋಗುತ್ತೆ, ಸ್ವಂತ ಮನೆ ಅನ್ನೋದು ಕನಸಲ್ಲೂ ಇಲ್ಲ. ಈ ರಿಪೇರಿ ದುಡ್ಡು ಹೊಂದಿಸೋಕೆ 2023ರ ಸೆಪ್ಟೆಂಬರಿಂದ ಕಾಂಕ್ರೀಟ್ ಮೇಲೆ 5 ಪರ್ಸೆಂಟ್ ಲೆವಿ, ಅಂದರೆ ತೆರಿಗೆ, ಬೇರೆ ಹಾಕಿದ್ದಾರೆ. ಅದನ್ನ ಕಟ್ಟೋದು ಯಾರು? ಮುಂದೆ ಮನೆ ತಗೊಳ್ಳೋರು, ಅಂದರೆ ನನ್ನಂಥವರು. ಸರಿಯಾದ ಬ್ಲಾಕ್ ಮಾಡಿದ ಕ್ವಾರಿಗೂ ಅದೇ ಲೆವಿ. ಯಾರೋ ಉಂಡು ಹೋದ ಎಲೆ ಎತ್ತೋಕೆ ನಾವು.

ಸಿವಿಲ್ ಇಂಜಿನಿಯರ್, ಗಾಲ್ವೇ
ಲೆವಿ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಬರೀ ಕ್ವಾರಿಯವನ ತಪ್ಪು ಅನ್ನೋದನ್ನ ನಾನು ಒಪ್ಪಲ್ಲ. ಮೊದಲು ಎಲ್ಲರೂ ಮೈಕಾ, ಅಂದರೆ ಅಭ್ರಕ, ಅಂತಿದ್ದರು. ಆಮೇಲಿನ ಸಂಶೋಧನೆಯಲ್ಲಿ ಡೊನೆಗಾಲ್ ಬ್ಲಾಕ್‌ಗಳ ಮುಖ್ಯ ಕಳ್ಳ ಪಿರೋಟೈಟ್ ಅಂತ ಕಂಡುಬಂತು. ಅದು ಕಬ್ಬಿಣ, ಗಂಧಕ ಸೇರಿದ ಖನಿಜ. ನೀರು, ಗಾಳಿ ತಾಗಿದರೆ ತುಕ್ಕು ಹಿಡಿದ ಹಾಗೆ ಬದಲಾಗಿ ಸಿಮೆಂಟನ್ನ ಒಳಗಿಂದಲೇ ತಿನ್ನುತ್ತೆ. ಪಿರೋಟೈಟ್ ಇರೋ ಜಲ್ಲಿಯಲ್ಲಿ ಒಟ್ಟು ಗಂಧಕ 0.1 ಪರ್ಸೆಂಟ್ ಮೀರಬಾರದು ಅಂತ ಯುರೋಪಿನ ನಿಯಮವೇ ಇದೆ. ನಿಯಮ ಇಟ್ಟುಕೊಂಡು ನೋಡೋರೇ ಇಲ್ಲದಿದ್ದರೆ? ಈ ಮನೆಗಳು ಏಳುವಾಗ ಕೌನ್ಸಿಲ್‌ನವರು, ಅಂದರೆ ಸ್ಥಳೀಯ ಆಡಳಿತದವರು, ಪ್ರತಿ ಮನೆಗೂ ಬಂದು ನೋಡ್ತಿರಲಿಲ್ಲ, ಕಟ್ಟಿಸಿದವರ ಕಡೆಯವರೇ ಎಲ್ಲ ಸರಿ ಇದೆ ಅಂತ ಕಾಗದ ಬರೆದುಕೊಟ್ಟರೆ ಮುಗೀತು. ಸರ್ಕಾರ ದುಡ್ಡು ಕೊಡೋದು ದಾನ ಅಲ್ಲ, ತಾನು ಕಣ್ಣು ಮುಚ್ಚಿಕೊಂಡಿದ್ದಕ್ಕೆ ದಂಡ.

ದಾವಣಗೆರೆ ಮೆಣಸಿನಕಾಯಿ
ನಮ್ಮಲ್ಲಾದರೆ ರೇರಾ ಅಂತ ರಿಯಲ್ ಎಸ್ಟೇಟ್ ಕಾನೂನು ಇದೆ ಗುರು. ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ತನ್ನ ಖರ್ಚಲ್ಲಿ ಸರಿಮಾಡಿಕೊಡಬೇಕು.

ಸಿವಿಲ್ ಇಂಜಿನಿಯರ್, ಗಾಲ್ವೇ
ಅದು ಬಿಲ್ಡರ್ ಹತ್ತಿರ ಫ್ಲ್ಯಾಟ್ ತಗೊಂಡವರಿಗೆ. ನಿಮ್ಮ ಸೈಟಲ್ಲಿ ನೀವೇ ಮೇಸ್ತ್ರಿ ಹಿಡಿದು ಕಟ್ಟಿಸಿದರೆ ರೇರಾ ಎಲ್ಲಿಂದ ಬರುತ್ತೆ? ಡೊನೆಗಾಲ್‌ನಲ್ಲೂ ಎಷ್ಟೋ ಜನ ಅಪ್ಪನ ಜಮೀನಲ್ಲಿ ಹಾಗೇ ಕಟ್ಟಿಸಿಕೊಂಡವರು. ಬಿರುಕು ಬಿಡೋಕೆ ಹತ್ತು ಹದಿನೈದು ವರ್ಷ ಹಿಡಿದರೆ ನಿಮ್ಮ ಐದು ವರ್ಷ ಯಾವ ಮೂಲೆಗೆ?

ಕನೆಕ್ಟಿಕಟ್ ಅಕ್ಕ
ಇದೇ ಪಿರೋಟೈಟ್ ನಮ್ಮ ಅಮೆರಿಕದ ರಾಜ್ಯದಲ್ಲೂ ಬಂತು, ಇಲ್ಲಿ ಹಾಳಾಗಿದ್ದು ಅಡಿಪಾಯ. ರಿಪೇರಿಗೆ ಅಂತಲೇ ಒಂದು ಸಂಸ್ಥೆ ಮಾಡಿ, ಮನೆ ಇನ್ಶೂರೆನ್ಸ್ ಪಾಲಿಸಿಗೆ ವರ್ಷಕ್ಕೆ 12 ಡಾಲರ್ ಸೇರಿಸಿದರು. ನಾನೂ ಕಟ್ತೀನಿ, ಹೊರೆ ಅಂತ ಅನಿಸಿಲ್ಲ. ಮನೆ ಇದ್ದವರಿಂದ ತಗೊಂಡು ಮನೆ ಕೆಟ್ಟವರಿಗೆ ಕೊಡೋದು, ಬಾಡಿಗೆಯವರ ತಂಟೆಗೆ ಹೋಗಲ್ಲ.

ಲೆಟರ್‌ಕೆನ್ನಿ ವಾಸಿ
ತಮಾಷೆ ನೋಡಿ ಅಕ್ಕ, ನಿಮ್ಮಲ್ಲಿ ಅಡಿಪಾಯಕ್ಕೆ ದುಡ್ಡು. ನಮ್ಮ 2022ರ ಕಾನೂನಿನಲ್ಲಿ ಪೂರ್ತಿ ಕೆಡವೋದು ಅಂದರೂ ಅಡಿಪಾಯದವರೆಗೆ ಮಾತ್ರ! ಅದೇ ಕ್ವಾರಿ ಜಲ್ಲಿ ಕೆಳಗೂ ಇದ್ದರೆ ಏನು ಕಥೆ ಅಂತ ಅಜ್ಜನಿಗೆ ನಿದ್ದೆ ಇಲ್ಲ. ಇನ್ನು ಆ 100 ಪರ್ಸೆಂಟ್, ಅದು ಹೆಸರಿಗಷ್ಟೇ. ಚದರ ಅಡಿಗೆ ಇಷ್ಟು ಅಂತ ರೇಟು ಸರ್ಕಾರವೇ ಕಟ್ಟಿರುತ್ತೆ, ಮೇಸ್ತ್ರಿ ಅದಕ್ಕಿಂತ ಜಾಸ್ತಿ ಕೇಳಿದರೆ ಉಳಿದಿದ್ದು ಕೈಯಿಂದ. ಎಪ್ಪತ್ತು ದಾಟಿದವರಿಗೆ ಯಾವ ಬ್ಯಾಂಕು ಸಾಲ ಕೊಡುತ್ತೆ ಹೇಳಿ? ಮಂಜೂರಾತಿ ಕಾಗದ ಫ್ರಿಜ್ ಮೇಲೆ ಅಂಟಿಸಿದ್ದಾರೆ, ಕೆಲಸ ಶುರುವಾಗಿಲ್ಲ. ಹೋದ ಚಳಿಗಾಲ ಅಜ್ಜಿ ಮಲಗೋ ಕೋಣೆ ಬಿಟ್ಟು ಅಡುಗೆಮನೆ ಪಕ್ಕ ಮಂಚ ಹಾಕಿಕೊಂಡರು.

ಡಬ್ಲಿನ್ ಬಾಡಿಗೆ ಮನೆ
ಅಜ್ಜನಿಗೆ ಕೊಡಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ ಸರ್. ಮೊದಲು ಕೊಡಲಿ, ಕಡಿಮೆ ಬಿದ್ದಿದ್ದನ್ನೂ ಕೊಡಲಿ. ಆಮೇಲೆ ಮಾರಿದವನ ಹಿಂದೆ ಬಿದ್ದು ವಸೂಲಿ ಮಾಡಲಿ. ಸುಮ್ನೆ ಲೆವಿ ಹಾಕಿ ಕೈ ತೊಳ್ಕೊಳ್ಳೋದು ಬೇಡ, ಅಷ್ಟೇ.

ಹೊಸದಾಗಿ ಬಂದ ನರ್ಸ್
ಚರ್ಚೆ ಮಧ್ಯೆ ಬಂದೆ, ಕ್ಷಮಿಸಿ. ನಾವು ಲೆಟರ್‌ಕೆನ್ನಿ ಹತ್ತಿರ 2005ರ ಒಂದು ಮನೆ ನೋಡಿದ್ದೀವಿ. ಬಿರುಕು ಏನೂ ಕಾಣಲ್ಲ, ರೇಟೂ ಕಡಿಮೆ. ತಗೋಬಹುದಾ?

ಲೆಟರ್‌ಕೆನ್ನಿ ವಾಸಿ
ಅಡ್ವಾನ್ಸ್ ಕೊಡಬೇಡಿ ತಾಯಿ, ತಡೀರಿ. ಗೋಡೆ ಕೊರೆದು ಲ್ಯಾಬ್‌ಗೆ ಕಳಿಸಿದ ರಿಪೋರ್ಟ್ ಇದೆಯಾ ಕೇಳಿ, ಬ್ಯಾಂಕಿನವರೂ ಅದನ್ನೇ ಕೇಳ್ತಾರೆ. ಇಲ್ಲ ಅಂದರೆ ನಿಮ್ಮ ಕಡೆಯ ಇಂಜಿನಿಯರ್ ಕರ್ಕೊಂಡು ಹೋಗಿ. ಅಂದಹಾಗೆ, ಹೊರಗಡೆ ಬಣ್ಣ ಹೊಸದಾ?

ಹೊಸದಾಗಿ ಬಂದ ನರ್ಸ್
ಹೌದು, ಹೋದ ತಿಂಗಳಷ್ಟೇ ಹೊಡೆಸಿದ್ದಾರಂತೆ.